ಲಾರಿ ಡ್ರೈವರನ್ನು ಕಸುಬುದಾರ ಅಂತ ಜನ ನೋಡುತ್ತಾರಾ?

ನಿಮ್ಮ ತಮ್ಮ ಡಿಗ್ರಿ ಮುಗಿಸಿ ಲಾರಿ ಓಡಿಸ್ತೀನಿ ಅಂತ ಹಟ ಹಿಡಿದಿದ್ದಾನೆ, ಈ ಕೆಲಸವನ್ನು ಜನ ಒಂದು ಸರಿಯಾದ ಕಸುಬು ಅಂತ ನೋಡುತ್ತಾರಾ, ಮರ್ಯಾದೆ ಸಿಗುತ್ತಾ ಅಂತ ಕೇಳಿದ್ದೀರಿ. ನೇರವಾಗಿ ಹೇಳಿಬಿಡುತ್ತೇನೆ. ಕಸುಬಂತೂ ಹೌದು, ಅದರಲ್ಲಿ ಎರಡು ಮಾತಿಲ್ಲ. ಹಾಗೆ ನೋಡುವವರು ಮಾತ್ರ ಕಡಿಮೆ. ನಾನು 2003ರಿಂದ ಸ್ಟೇರಿಂಗ್ ಹಿಡಿದವನು. ಅದಕ್ಕೂ ಮೊದಲು 4 ವರ್ಷ ಕ್ಲೀನರ್ ಆಗಿದ್ದೆ. 13 ವರ್ಷ ಓಪನ್ ಬಾಡಿ ಲಾರಿ ಓಡಿಸಿದೆ, ಆಮೇಲೆ ಇವತ್ತಿನವರೆಗೂ ಮಂಗಳೂರಿನಿಂದ ಗ್ಯಾಸ್ ತುಂಬಿದ ಬುಲೆಟ್ ಟ್ಯಾಂಕರ್, ಅಂದರೆ ಉದ್ದನೆಯ ಉರುಟು ಟ್ಯಾಂಕಿನ ಲಾರಿ. ಎರಡೂ ಕಡೆ ಹೇಗೆ ನೋಡುತ್ತಾರೆ ಅನ್ನುವುದು ಗೊತ್ತು, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಕೆಲಸದ ಬಗ್ಗೆ. ನಾನು ಹೊಸದಾಗಿ ಡ್ರೈವರ್ ಆದಾಗ ಹೊಸಪೇಟೆ ಕಡೆಯಿಂದ ಮಂಗಳೂರು ಬಂದರಿಗೆ ಅದಿರು ಸಾಗಿಸುತ್ತಿದ್ದೆವು. ಸಕಲೇಶಪುರ ದಾಟಿ ದೋಣಿಗಲ್ ಬಂತು ಅಂದರೆ ಶಿರಾಡಿ ಘಾಟಿ ಶುರು. ಅಲ್ಲಿಂದ ಗುಂಡ್ಯದವರೆಗೆ ಇಳಿಜಾರು, ಹಿಂದೆ ಅದಿರಿನ ಭಾರ. ನನಗೆ ಕೆಲಸ ಕಲಿಸಿದ ಹಿರಿಯ ಡ್ರೈವರ್ ಒಬ್ಬರಿದ್ದರು, ನಾನು ಅಣ್ಣಾ ಅಂತಲೇ ಕರೆಯುತ್ತಿದ್ದೆ. ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ ಅಂತ ಅವರು ಹೇಳಿದ್ದು ಇವತ್ತಿಗೂ ನನ್ನ ತಲೆಯಲ್ಲಿದೆ. ಇಳಿಜಾರಿನಲ್ಲಿ ಕಾಲನ್ನು ಬ್ರೇಕ್ ಮೇಲೇ ಇಟ್ಟುಕೊಂಡು ಬಂದರೆ ಬ್ರೇಕ್ ಡ್ರಮ್ ಬಿಸಿಯಾಗುತ್ತದೆ. ಲೈನರ್ ಸುಟ್ಟ ವಾಸನೆ ಮೂಗಿಗೆ ಬರುತ್ತದೆ. ಆಮೇಲೆ ಎಷ್ಟು ತುಳಿದರೂ ಲಾರಿ ನಿಲ್ಲುವುದಿಲ್ಲ. ಅದಕ್ಕೇ ಇಂಜಿನ್ನೇ ಲಾರಿಯನ್ನು ಹಿಡಿದಿರಬೇಕು, ಬ್ರೇಕಿಗೆ ಗಾಳಿ ಎಷ್ಟಿದೆ ಅಂತ ತೋರಿಸುವ ಏರ್ ಮೀಟರಿನ ಮುಳ್ಳಿನ ಮೇಲೆ ಒಂದು ಕಣ್ಣಿರಬೇಕು, ಇನ್ನೊಂದು ಕಣ್ಣು ತಿರುವಿನಲ್ಲಿ ಓವರ್‌ಟೇಕ್ ಮಾಡಿಕೊಂಡು ಎದುರಿಗೆ ನುಗ್ಗುವ ಕಾರಿನ ಮೇಲೆ. ಡೀಸೆಲ್ ಉಳಿಸೋಣ ಅಂತ ನ್ಯೂಟ್ರಲ್ ಮಾಡಿ ಇಳಿದವರ ಲಾರಿಗಳನ್ನು ಹಳ್ಳದಲ್ಲಿ ನೋಡಿದ್ದೇನೆ.

2010ರಲ್ಲಿ ಅದಿರು ರಫ್ತು ನಿಂತ ಮೇಲೆ ತೋರಣಗಲ್ಲಿನಿಂದ ಸ್ಟೀಲ್ ಕಾಯಿಲ್ ಹಾಕಿಕೊಂಡು ಬೆಂಗಳೂರಿಗೆ ಬರುತ್ತಿದ್ದೆ. ಕಾಯಿಲ್ ಅಂದರೆ ದೊಡ್ಡ ಉರುಳೆ, ಒಂದೊಂದೂ ಹಲವಾರು ಟನ್. ಕೆಳಗೆ ಮರದ ಬೆಣೆ ಕೊಟ್ಟು, ಸರಪಳಿ ಬಿಗಿದು, ಸ್ವಲ್ಪ ದೂರ ಓಡಿಸಿ, ನಿಲ್ಲಿಸಿ, ಮತ್ತೆ ಬಿಗಿಯಬೇಕು. ಬಿಗಿ ಸಡಿಲಾದಾಗ ಜೋರಾಗಿ ಬ್ರೇಕ್ ಹಾಕಿದರೆ ಅದು ಕ್ಯಾಬಿನ್ ಒಡೆದುಕೊಂಡು ನಮ್ಮ ಮೇಲೇ ಬರುತ್ತದೆ. ಇದನ್ನು ಯಾವ ಶಾಲೆಯಲ್ಲೂ ನನಗೆ ಹೇಳಿಕೊಡಲಿಲ್ಲ.

ಈಗ ಮರ್ಯಾದೆಯ ವಿಷಯ. ಅಂಥ ಒಂದು ಕಾಯಿಲ್ ಲೋಡ್ ತಂದು ಬೆಂಗಳೂರಿನ ಹೊರಗೆ ಒಂದು ಗೋಡೌನ್ ಮುಂದೆ 2 ದಿನ ನಿಂತಿದ್ದೆ, ಯಾವ ಕಂಪನಿ ಅನ್ನುವುದು ಬೇಡ. ಲಾರಿಯಲ್ಲಿ ಲಕ್ಷಾಂತರ ರೂಪಾಯಿ ಮಾಲು. ರಾತ್ರಿಯೆಲ್ಲ ಕಾದವನು ನಾನೇ. ಬೆಳಗ್ಗೆ ಗೇಟಿನ ಒಳಗೆ ಟಾಯ್ಲೆಟ್‌ಗೆ ಹೋಗಲಾ ಅಂತ ಕೇಳಿದರೆ ಡ್ರೈವರ್‌ಗಳಿಗೆ ಒಳಗೆ ಬಿಡಲ್ಲ ಅಂದರು. ಬಿಲ್ಟಿಯಲ್ಲಿ, ಅಂದರೆ ಮಾಲಿನ ಜೊತೆ ಬರುವ ಕಾಗದದಲ್ಲಿ, ನನ್ನ ಹೆಸರಿತ್ತು, ಲೈಸೆನ್ಸ್ ನಂಬರ್ ಇತ್ತು. ಆದರೂ ಕರೆದದ್ದು ಗಾಡಿ ನಂಬರ್ ಹಿಡಿದು. ಏಯ್, ನಲವತ್ನಾಲ್ಕು ಹದಿನೇಳು, ಗಾಡಿ ತೆಗಿ ಅಂತ. ನನಗಿಂತ 15 ವರ್ಷ ಚಿಕ್ಕ ಹುಡುಗ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೂ ಯಾರೋ ಹಾಗೇ ಕಲಿಸಿದ್ದಾರೆ. ಆದರೆ ಆ ಎರಡು ದಿನ ನಾನು ಬಯಲಿಗೆ ಹೋಗಿ ಬಂದದ್ದು, ಟೈರಿನ ನೆರಳಲ್ಲಿ ಕೂತು ಅನ್ನ ಬೇಯಿಸಿಕೊಂಡದ್ದು ಇನ್ನೂ ಮರೆತಿಲ್ಲ. ಎರಡು ದಿನ ಕಾದಿದ್ದಕ್ಕೆ ದುಡ್ಡೂ ಬರಲಿಲ್ಲ. ನಮ್ಮದು ಟ್ರಿಪ್ ಲೆಕ್ಕ, ಚಕ್ರ ತಿರುಗಿದರೆ ಮಾತ್ರ ಬತ್ತಾ, ಅಂದರೆ ದಾರಿ ಖರ್ಚಿನ ದುಡ್ಡು.

ಟ್ಯಾಂಕರಿಗೆ ಬಂದ ಮೇಲೆ ಫರಕು ಕಾಣಿಸಿತು. ಅಪಾಯದ ಸರಕು ಸಾಗಿಸುವವನಿಗೆ ಕಾನೂನಿನ ಪ್ರಕಾರ 3 ದಿನದ ತರಬೇತಿ ಆಗಿರಲೇಬೇಕು, ಲೈಸೆನ್ಸಿನಲ್ಲಿ ಅದು ನಮೂದಾಗಬೇಕು, ಮುಂದೆ ನವೀಕರಣಕ್ಕೆ ಮತ್ತೆ ತರಬೇತಿ. ಕ್ಯಾಬಿನ್ನಿನಲ್ಲಿ ಟ್ರೆಮ್ ಕಾರ್ಡ್ ಇಟ್ಟಿರಬೇಕು, ಅಂದರೆ ಗ್ಯಾಸ್ ಸೋರಿದರೆ ಏನು ಮಾಡಬೇಕು ಅನ್ನುವ ಕಾಗದ. ಬುಲೆಟ್ಟನ್ನು ಪೂರ್ತಿ ತುಂಬುವುದಿಲ್ಲ, ಹೆಚ್ಚೆಂದರೆ ನೂರಕ್ಕೆ 85 ಪಾಲು. ಹಾಗಾಗಿ ಒಳಗಿನ ದ್ರವ ಅಲ್ಲಾಡುತ್ತಲೇ ಇರುತ್ತದೆ. ತಿರುವಿನಲ್ಲಿ ನಾವು ಸ್ಟೇರಿಂಗ್ ತಿರುಗಿಸಿದ ಮೇಲೆ ಅದು ಇನ್ನೊಂದು ಕಡೆಗೆ ತಳ್ಳುತ್ತದೆ, ಬೆನ್ನಿಗೆ ಗೊತ್ತಾಗುತ್ತದೆ. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಉರುಳಿ ಬೆಂಕಿ ಹತ್ತಿ ಜನ ಸತ್ತರು. ಆ ದಾರಿಯಲ್ಲಿ ಹೋಗುವಾಗ ಈಗಲೂ ಕಾಲು ತಾನಾಗಿ ಆಕ್ಸಿಲರೇಟರ್ ಮೇಲಿಂದ ಮೇಲೇಳುತ್ತದೆ.

ನಾನು ಲೋಡ್ ಮಾಡುವ ಕಡೆ ನಮಗೆ ಶೂ, ಹೆಲ್ಮೆಟ್ ಕಡ್ಡಾಯ. ಕೂರಲು ಶೆಡ್ ಇದೆ, ಕುಡಿಯಲು ನೀರಿದೆ, ಸೇಫ್ಟಿ ಆಫೀಸರ್ ಬನ್ನಿ ಕೂತ್ಕೊಳ್ಳಿ ಅನ್ನುತ್ತಾರೆ. ಅದೇ ಮನುಷ್ಯ, ಅದೇ ಕೈ. ಗೇಟಿನಲ್ಲಿ ಬೈಸಿಕೊಂಡವನೂ ನಾನೇ ಅಲ್ವಾ? ನನಗನ್ನಿಸುವುದು, ಡ್ರೈವರ್ ತಪ್ಪು ಮಾಡಿದರೆ ತಮಗೂ ದೊಡ್ಡ ನಷ್ಟ ಅಂತ ಯಾರಿಗೆ ಗೊತ್ತಿದೆಯೋ ಅವರು ಡ್ರೈವರನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. 2021ರಲ್ಲಿ ಕೋವಿಡ್ ಜೋರಾಗಿದ್ದಾಗ ಆಕ್ಸಿಜನ್ ಟ್ಯಾಂಕರ್‌ಗಳಿಗೆ ಪೊಲೀಸರೇ ಮುಂದೆ ನಿಂತು ದಾರಿ ಬಿಡಿಸಿಕೊಟ್ಟರು. ಆ ಗಾಡಿ ಓಡಿಸಿದ ನನ್ನ ಗೆಳೆಯನೊಬ್ಬ ಆಸ್ಪತ್ರೆ ಮುಂದೆ ಗಾಡಿ ನಿಲ್ಲಿಸಿದಾಗ ಯಾರೋ ಹೆಂಗಸು ಬಂದು ಕೈಮುಗಿದರಂತೆ. ಇಷ್ಟು ವರ್ಷದಲ್ಲಿ ಮೊದಲನೇ ಸಲ ಅಂತ ಫೋನಿನಲ್ಲಿ ಅತ್ತುಬಿಟ್ಟ.

ಕಾನೂನು ಏನು ಹೇಳುತ್ತದೆ ಅಂತಲೂ ನೋಡಿ. 1961ರಲ್ಲೇ ಸಾರಿಗೆ ಕಾರ್ಮಿಕರಿಗೆ ಅಂತ ಕಾಯ್ದೆ ಬಂತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಅಂತ ಅದರಲ್ಲಿ ಬರೆದಿದ್ದರು. ಆದರೆ 2025ರವರೆಗೆ ಇದ್ದ ಆ ಕಾಯ್ದೆ 5 ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ಕಡೆಗೆ ಮಾತ್ರ ಅನ್ವಯಿಸುತ್ತಿತ್ತು. ನಮ್ಮಲ್ಲಿ ಒಂದು ಲಾರಿ, ಎರಡು ಲಾರಿ ಇಟ್ಟುಕೊಂಡ ಓನರ್‌ಗಳು ಎಷ್ಟು ಜನ! ಅವರ ಗಾಡಿ ಓಡಿಸುವವನಿಗೆ ಆ 8 ಗಂಟೆ ಬರೀ ಕಾಗದದ್ದೇ ಆಗಿತ್ತು. ಬೇರೆ ರಾಜ್ಯಗಳಿಗೂ ಹೋಗುವ ನ್ಯಾಷನಲ್ ಪರ್ಮಿಟ್ ಗಾಡಿಗೆ ಇಬ್ಬರು ಡ್ರೈವರ್ ಬೇಕು ಅನ್ನುವ ನಿಯಮವಿತ್ತು, 2018ರಲ್ಲಿ ಅದನ್ನೂ ತೆಗೆದರು. ಈಗ ಒಬ್ಬನೇ ಓಡಿಸಬೇಕು, ಒಬ್ಬನೇ ಎಚ್ಚರವಾಗಿರಬೇಕು. ನಿದ್ದೆಗೆಟ್ಟು ಅಪಘಾತ ಮಾಡಿದರೆ ಹೊಣೆ ಮಾತ್ರ ಪೂರ್ತಿ ಅವನದೇ. 2024ರ ಜನವರಿಯಲ್ಲಿ ಡ್ರೈವರ್‌ಗಳು ಗಾಡಿ ನಿಲ್ಲಿಸಿದ್ದು ನೆನಪಿರಬಹುದು. ಅಪಘಾತದಲ್ಲಿ ಯಾರಾದರೂ ಸತ್ತು, ಪೊಲೀಸರಿಗಾಗಲಿ ಅಧಿಕಾರಿಗಳಿಗಾಗಲಿ ಹೇಳದೆ ಓಡಿಹೋದರೆ 10 ವರ್ಷದವರೆಗೆ ಜೈಲು ಅಂತ ಹೊಸ ಕಾನೂನಿನಲ್ಲಿ ಬಂದಿದ್ದಕ್ಕೆ. ಗಾಯಗೊಂಡವರನ್ನು ಬಿಟ್ಟು ಓಡುವುದು ತಪ್ಪೇ, ನಾನು ಸಮರ್ಥಿಸುವುದಿಲ್ಲ. ಆದರೆ ಅಲ್ಲೇ ನಿಂತರೆ ಯಾರ ತಪ್ಪು ಅಂತ ಕೇಳದೆ ಜನ ಹೊಡೆಯುತ್ತಾರೆ, ಆ ಭಯ ನಿಜವಾದದ್ದು. ಒಂದು ಒಳ್ಳೆಯದೂ ಆಗಿದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ ಮಾಡಿದ್ದಾರೆ. ಏಪ್ರಿಲ್ ತಿಂಗಳಲ್ಲಿ ಬಳ್ಳಾರಿ ಕಡೆ ಇಂಜಿನ್ ಪಕ್ಕ ಕೂತು ಓಡಿಸಿದವರಿಗೆ ಗೊತ್ತು ಅದು ಎಷ್ಟು ದೊಡ್ಡ ವಿಷಯ ಅಂತ.

ನಮ್ಮವರಲ್ಲೂ ತಪ್ಪಿದೆ. ಕುಡಿದು ಓಡಿಸುವವರಿದ್ದಾರೆ, ಹೈಬೀಮ್ ಇಳಿಸದವರಿದ್ದಾರೆ, ರಸ್ತೆ ಮಧ್ಯೆ ಗಾಡಿ ನಿಲ್ಲಿಸಿ ಮಲಗುವವರಿದ್ದಾರೆ. ಅವರಿಂದ ಎಲ್ಲರಿಗೂ ಕೆಟ್ಟ ಹೆಸರು. ಸಂಬಂಧ ನೋಡುವಾಗಲೂ ಇದೇ ಅಡ್ಡ ಬರುತ್ತದೆ. ನನ್ನ ಜೊತೆ ಕ್ಲೀನರ್ ಆಗಿದ್ದ ಹುಡುಗ ಬಹಳ ಚೆನ್ನಾಗಿ ಗಾಡಿ ಕಲಿತಿದ್ದ, ಬೀಡಿ ಸಹ ಸೇದುತ್ತಿರಲಿಲ್ಲ. ಎರಡು ವರ್ಷ ಹುಡುಕಿದರೂ ಯಾರೂ ಹೆಣ್ಣು ಕೊಡಲಿಲ್ಲ. ಕೊನೆಗೆ ಕಡಿಮೆ ಸಂಬಳಕ್ಕೆ ಒಂದು ಅಂಗಡಿ ಸೇರಿದ, ಆರು ತಿಂಗಳಲ್ಲಿ ಮದುವೆ ಆಯಿತು.

ನನಗೆ ಜಾಸ್ತಿ ಚಿಂತೆ ಬೇರೆಯದು. ಈಗ ಕ್ಲೀನರ್‌ಗಳೇ ಇಲ್ಲ. ಖರ್ಚು ಉಳಿಯಲಿ ಅಂತ ಓನರ್ ಇಡುವುದಿಲ್ಲ, ಹುಡುಗರೂ ಬರುವುದಿಲ್ಲ. ನಮಗೆ ಕ್ಲೀನರ್ ಆಗಿ ಕಳೆದ ವರ್ಷಗಳೇ ಕಾಲೇಜು. ಟೈರ್ ತಟ್ಟಿ ಸದ್ದಿನಲ್ಲೇ ಗಾಳಿ ಎಷ್ಟಿದೆ ಅಂತ ಹೇಳುವುದು, ಟಾರ್ಪಾಲು ಕಟ್ಟುವುದು, ಹಿಂದಿನಿಂದ ಬರೋಬರಿ ಕೂಗಿ ರಿವರ್ಸ್ ತೆಗೆಸುವುದು, ಎಲ್ಲ ಅಲ್ಲೇ ಕಲಿತದ್ದು. ಈಗ ಒಂದು ವರ್ಷ ಕಾರಿನ ಲೈಸೆನ್ಸ್ ಇದ್ದು, 20 ತುಂಬಿದ್ದರೆ ದೊಡ್ಡ ಗಾಡಿಯ ಲೈಸೆನ್ಸಿಗೆ ಅರ್ಜಿ ಹಾಕಬಹುದು. ಮೈದಾನದಲ್ಲಿ ಖಾಲಿ ಗಾಡಿ ಓಡಿಸಿ ಪಾಸಾದ ಹುಡುಗನ ಕೈಗೆ ಮಾರನೇ ದಿನ ತುಂಬಿದ ಲಾರಿ ಕೊಟ್ಟುಬಿಡುತ್ತಾರೆ.

ಹಾಗಾಗಿ ನಿಮ್ಮ ತಮ್ಮನಿಗೆ ಬೇಡ ಅನ್ನಬೇಡಿ, ಆದರೆ ಸುಮ್ನೆ ಹೋಗಿ ಸೇರಲೂ ಬಿಡಬೇಡಿ. ಪಿಎಫ್, ಇಎಸ್‌ಐ ಇದೆಯಾ, ಲೋಡಿಂಗ್‌ಗೆ ಕಾಯುವ ದಿನಕ್ಕೂ ಬತ್ತಾ ಕೊಡುತ್ತಾರಾ, ದೂರದ ಟ್ರಿಪ್ಪಿಗೆ ಇಬ್ಬರು ಡ್ರೈವರ್ ಕಳಿಸುತ್ತಾರಾ, ಓವರ್‌ಲೋಡಿಗೆ ದಂಡ ಬಿದ್ದರೆ ಯಾರು ಕಟ್ಟುತ್ತಾರೆ ಅಂತ ಓನರ್ ಹತ್ತಿರ ಮೊದಲೇ ಕೇಳಲಿ. ಕೇಳಿದ್ದಕ್ಕೆ ಮುಖ ತಿರುಗಿಸಿದರೆ ಆ ಕಡೆ ಹೋಗುವುದೇ ಬೇಡ. ಲೈಸೆನ್ಸ್ ಸಿಕ್ಕ ಮೇಲೆ ಒಂದು ಮಳೆಗಾಲ ಯಾರಾದರೂ ಹಳೆಯ ಡ್ರೈವರ್ ಪಕ್ಕದಲ್ಲಿ ಕೂತು ಶಿರಾಡಿ ಹತ್ತಿ ಇಳಿಯಲಿ. ಆಮೇಲೂ ಅವನಿಗೆ ಇದೇ ಬೇಕು ಅನ್ನಿಸಿದರೆ ನನಗೆ ಇಲ್ಲೇ ಬರೆಯಲು ಹೇಳಿ, ಗೊತ್ತಿದ್ದಷ್ಟು ನಾನೂ ಹೇಳಿಕೊಡುತ್ತೇನೆ.