ಓದುಗರ ಪ್ರಶ್ನೆ: ಮಾಂಗಾ ಪಾತ್ರ ಮನಸ್ಸಿಗೆ ಅಂಟಿಕೊಂಡಾಗ

ಪ್ರಶ್ನೆ: ‘ಎ ಸೈಲೆಂಟ್ ವಾಯ್ಸ್’ ಎಂಬ ಮಾಂಗಾ (ಜಪಾನಿ ಚಿತ್ರಕಥೆ) ಓದಿ ಮುಗಿಸಿದ ಮೇಲೂ ಶೋಯಾ ಇಶಿದಾ ಕಾಡುತ್ತಲೇ ಇದ್ದಾನೆ. ಕಿವಿ ಕೇಳದ ಸಹಪಾಠಿ ಶೋಕೊಳನ್ನು ಪೀಡಿಸಿದ ಹುಡುಗ ಅವನು. ನಾನು ಯಾರನ್ನೂ ಹಾಗೆ ಪೀಡಿಸಿಲ್ಲ. ಆದರೂ ಅವನು ನನ್ನವನೇ ಅನಿಸುವುದು ಏಕೆ?

ಉತ್ತರ: ಬಹುಶಃ ನಿಮ್ಮನ್ನು ತಟ್ಟಿದ್ದು ಅವನ ತಪ್ಪಲ್ಲ, ಆಮೇಲೆ ಅವನು ಜನರಿಂದ ಮುಖ ತಿರುಗಿಸಿ ಬದುಕಿದ ರೀತಿ. ಲೇಖಕಿ ಯೋಶಿಟೋಕಿ ಓಯಿಮಾ ಇದನ್ನು ಚಿತ್ರದಲ್ಲೇ ತೋರಿಸಿದ್ದಾರೆ. ಶೋಯಾ ಯಾರ ಮುಖವನ್ನು ನೋಡಲಾರನೋ ಅವರ ಮುಖದ ಮೇಲೆ ದೊಡ್ಡದೊಂದು ಗುಣಾಕಾರದ ಗುರುತು. ಸಹಪಾಠಿ ನಾಗಾತ್ಸುಕಾ ಗೆಳೆಯನಾದಾಗ ಅವನ ಮುಖದ ಗುರುತು ಕಳಚಿ ಬೀಳುತ್ತದೆ.

ಅರ್ಥ ಹುಡುಕಲು ಇಡೀ ಕಥೆ ಬೇಡ, ಕಾಡುವ ಒಂದೇ ದೃಶ್ಯ ಸಾಕು: ಹತ್ತು-ಹದಿನೈದು ಪುಟ. ಮೊದಲು ಎಂದಿನಂತೆ ಓದಿ. ಎರಡನೇ ಸಲ ಮಾತಿನ ಗುಳ್ಳೆಗಳನ್ನು ಬಿಟ್ಟು ಕಣ್ಣು, ಕೈ, ಇಬ್ಬರ ನಡುವಿನ ಅಂತರ, ಮಾತಿಲ್ಲದ ಚೌಕಟ್ಟುಗಳನ್ನಷ್ಟೇ ನೋಡಿ. ಬಳಿಕ ಮೂರು ಸಾಲು ಬರೆದುಕೊಳ್ಳಿ: ಅವನು ಏನು ಹೇಳಿದ, ಏನು ಮಾಡಿದ, ಚಿತ್ರ ಏನು ತೋರಿಸಿತು. ಮೂರೂ ತಾಳೆಯಾಗದ ಕಡೆ ಪಾತ್ರದ ಒಳಮನಸ್ಸು ಸಿಗುತ್ತದೆ. ನಾಲ್ಕನೇ ಸಾಲು ನಿಮ್ಮದು: ಆ ಜಾಗದಲ್ಲಿ ನಾನಿದ್ದರೆ ಎಲ್ಲಿ ಬೇರೆ ದಾರಿ ಹಿಡಿಯುತ್ತಿದ್ದೆ? ನಮ್ಮ ಮಟ್ಟಿಗೆ ಹೋಲಿಕೆಗಿಂತ ಈ ಸಾಲೇ ಮುಖ್ಯ. ‘ನಾನೂ ಇವನಂತೆಯೇ’ ಎಂದು ನಿಂತುಬಿಟ್ಟರೆ ಮುಂದೆ ಯೋಚಿಸಲು ಏನೂ ಉಳಿಯುವುದಿಲ್ಲ.

ಸಾಮಾನ್ಯವಾಗಿ ಎಡವುವುದು ಒಂದು ಕಡೆ: ಶೋಯಾನ ನೋವಿನಲ್ಲಿ ಮುಳುಗಿ ಶೋಕೊ ಮರೆತೇಹೋಗುತ್ತಾಳೆ. ಅದಕ್ಕೆ 6ನೇ ಸಂಪುಟಕ್ಕೆ ಮರಳಿ. ಅಲ್ಲಿ ಕಥೆ ಬೇರೆಬೇರೆಯವರ ಕಣ್ಣಿನಿಂದ ಸಾಗುತ್ತದೆ. ಶೋಕೊಳ ಅಧ್ಯಾಯದಲ್ಲಂತೂ ಇತರರ ಮಾತಿನ ಅಕ್ಷರಗಳೇ ಅರ್ಧಂಬರ್ಧ ಅಳಿಸಿಹೋಗಿವೆ. 2016ರ ಸಿನಿಮಾವನ್ನಷ್ಟೇ ನೋಡಿದ್ದರೆ 7 ಸಂಪುಟಗಳನ್ನೂ ಓದಿ. ಗೆಳೆಯರು ಸೇರಿ ತಾವೇ ಒಂದು ಸಿನಿಮಾ ತೆಗೆಯುವ ಎಳೆ ಆ ಸಿನಿಮಾದಲ್ಲಿಲ್ಲ, ಉಳಿದವರ ಸ್ವಭಾವ ತೆರೆದುಕೊಳ್ಳುವುದು ಆ ಎಳೆಯಲ್ಲೇ.

ಈ ಕಥೆಯಲ್ಲಿ ಆತ್ಮಹತ್ಯೆಯ ಯತ್ನಗಳಿವೆ. ಓದುವಾಗ ಎದೆ ಭಾರವಾದರೆ ಪುಸ್ತಕ ಮುಚ್ಚಿಡಿ, ನಂಬಿಕೆಯ ಒಬ್ಬರೊಡನೆ ಮಾತಾಡಿ. ಇದನ್ನು ದಯವಿಟ್ಟು ಮುಂದೂಡಬೇಡಿ.

ಪ್ರಶ್ನೆ: ‘ಮಾನ್‌ಸ್ಟರ್’ ಮಾಂಗಾದ ಕೊಲೆಗಾರ ಯೋಹಾನ್ ನನಗೆ ಇಷ್ಟ. ಇದು ತಪ್ಪೇ?

ಉತ್ತರ: ತಪ್ಪೇನಿಲ್ಲ. ಲೇಖಕ ನಾವೋಕಿ ಉರಾಸಾವಾ ಅವನನ್ನು ಹೆಚ್ಚಾಗಿ ಇತರರ ನೆನಪು, ಭಯಗಳ ಮೂಲಕವೇ ತೋರಿಸುತ್ತಾರೆ. ಖಾಲಿ ಉಳಿದದ್ದನ್ನು ಓದುಗರೇ ತುಂಬಿಕೊಳ್ಳುತ್ತಾರೆ. ನೀವು ತುಂಬಿದ್ದೇನು? ಕದಡದ ಶಾಂತಿಯೇ, ಎಲ್ಲರೂ ಮಾತು ಕೇಳುವ ಶಕ್ತಿಯೇ? ಅದನ್ನು ಬರೆದಿಟ್ಟು, ಅದೇ ಗುಣವನ್ನು ಡಾ. ತೆನ್ಮಾನಲ್ಲಿ ಹುಡುಕಿ. ಮೇಯರ್‌ನ ಶಸ್ತ್ರಚಿಕಿತ್ಸೆ ಬಿಟ್ಟು ಬಾಲಕ ಯೋಹಾನ್‌ನನ್ನು ಬದುಕಿಸಿದವನು, ಅದರ ಬೆಲೆ ತೆತ್ತವನು ಅವನೇ. ಇಬ್ಬರಲ್ಲಿ ಆ ಗುಣ ಯಾರಿಗೆ ಏನು ಮಾಡಿತು ಎಂದು ಎದುರುಬದುರು ಬರೆದು ನೋಡಿ.