ಆಕ್ಸೆಸಿಬಿಲಿಟಿ ಕಾನ್ಫರೆನ್ಸ್‌ಗೆ ಹೋಗುವ ಮೊದಲು ಡಬ್ಲ್ಯೂಸಿಎಜಿ ಪೂರ್ತಿ ಓದಿರಬೇಕಾ? ಯಾವ ಟಾಕ್ ತಪ್ಪಿಸಬಾರದು?

ಓದಿರಬೇಕಾಗಿಲ್ಲ. ಡಬ್ಲ್ಯೂಸಿಎಜಿ ಅಂದರೆ ಅಂಗವಿಕಲರೂ ಬಳಸುವ ಹಾಗೆ ವೆಬ್‌ಸೈಟ್ ಮಾಡುವುದಕ್ಕೆ (ಆಕ್ಸೆಸಿಬಿಲಿಟಿ ಅನ್ನುವುದು ಇದನ್ನೇ) ಇರುವ ಮಾರ್ಗಸೂಚಿ. ಟಾಕ್‌ಗಳ ಪಟ್ಟಿಯನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ನೀವೇ ಬರೆದ ಒಂದು ಪೇಜ್ ತೆಗೆದುಕೊಂಡು ಹೋಗಿ. ಚೆನ್ನಾಗಿರುವುದಲ್ಲ, ನಿಮಗೇ ಅನುಮಾನ ಇರುವಂಥದ್ದು.

ನೀವು ಬರೆದಿರುವುದು ಇಷ್ಟು: ಕೆಲವು ವರ್ಷದ ಫ್ರಂಟ್ ಎಂಡ್ (ವೆಬ್‌ಪೇಜ್‌ನ ಕಣ್ಣಿಗೆ ಕಾಣುವ ಭಾಗ ಬರೆಯುವ) ಕೆಲಸ, ಟೀಮ್‌ನಿಂದ ನೀವೊಬ್ಬರೇ ಹೋಗುತ್ತಿರುವುದು, ವಾಪಸ್ ಬಂದು ಎಲ್ಲರಿಗೂ ಪ್ರೆಸೆಂಟೇಶನ್ ಕೊಡಬೇಕು ಅನ್ನುವ ಮ್ಯಾನೇಜರ್ ಮಾತು. ನನ್ನ ಮೊದಲ ಸಲವೂ ಹೆಚ್ಚುಕಡಿಮೆ ಹೀಗೇ ಇತ್ತು. ಹಾಗಾಗಿ ನನಗೆ ಆಗಿದ್ದನ್ನೇ ಹೇಳುತ್ತೇನೆ.

ನಾನು ಪರೀಕ್ಷೆಗೆ ಓದಿದ ಹಾಗೆ ಓದಿಕೊಂಡು ಹೋಗಿದ್ದೆ. ಸಾಮಾನ್ಯ ಅಕ್ಷರಕ್ಕೆ ಹಿನ್ನೆಲೆಯ ಜೊತೆ ಕಾಂಟ್ರಾಸ್ಟ್ 4.5:1 ಇರಬೇಕು, ದೊಡ್ಡ ಅಕ್ಷರಕ್ಕೆ 3:1 ಸಾಕು. ಡಬ್ಲ್ಯೂಸಿಎಜಿಯ ಅಂಶಗಳಲ್ಲಿ ಕನಿಷ್ಠವಾದ ಎ ಮಟ್ಟದಲ್ಲಿ ಯಾವುದು, ಅದಕ್ಕಿಂತ ಮೇಲಿನ ಡಬಲ್ ಎ ಮಟ್ಟದಲ್ಲಿ ಯಾವುದು. ಎಲ್ಲ ಬಾಯಿಪಾಠ. ಕಾನ್ಫರೆನ್ಸ್‌ನಲ್ಲಿ ಯಾರಾದರೂ ನಂಬರ್ ಹೇಳಿದರೆ ನನಗೆ ತಕ್ಷಣ ಗೊತ್ತಾಗುತ್ತಿತ್ತು. ಗೊತ್ತಾಗುತ್ತಿದೆ ಅನ್ನುವ ಖುಷಿಯಲ್ಲೇ ಒಂದರ ಹಿಂದೆ ಒಂದು ಟಾಕ್‌ಗೆ ಓಡಾಡಿದೆ.

ಮುಖ್ಯ ಹಾಲ್‌ನ ಪಕ್ಕ ಒಂದು ಸಣ್ಣ ರೂಮ್ ಇತ್ತು. ಸ್ಕ್ರೀನ್ ರೀಡರ್ (ಸ್ಕ್ರೀನ್‌ನಲ್ಲಿ ಇರುವುದನ್ನು ಓದಿ ಹೇಳುವ ಸಾಫ್ಟ್‌ವೇರ್), ವಾಯ್ಸ್ ಕಂಟ್ರೋಲ್, ಮ್ಯಾಗ್ನಿಫೈಯರ್ ಇವನ್ನು ದಿನವೂ ಬಳಸುವ ಕೆಲವರು ಅಲ್ಲಿ ಕೂತಿದ್ದರು. ನಮ್ಮ ಪೇಜ್‌ನ ಲಿಂಕ್ ಕೊಟ್ಟರೆ ನಮ್ಮೆದುರೇ ಬಳಸಿ ತೋರಿಸುತ್ತಿದ್ದರು. ಬಾಗಿಲ ಹತ್ತಿರ ನಿಂತಿದ್ದವರು "ಬನ್ನಿ, ನಿಮ್ಮದು ಯಾವ ಸೈಟ್?" ಅಂತ ಕರೆದರು. "ಈಗ ಆರಿಯಾ ಬಗ್ಗೆ ಟಾಕ್ ಇದೆ, ಮುಗಿಸಿಕೊಂಡು ಬರ್ತೀನಿ" ಅಂದೆ. ಆಮೇಲೆ ಇನ್ನೊಂದು ಟಾಕ್ ಇತ್ತು. ಅದಾದ ಮೇಲೆ ಮತ್ತೊಂದು. ಆ ರೂಮ್‌ಗೆ ಹೋಗಲೇ ಇಲ್ಲ.

ನನ್ನ ತಪ್ಪು ಇದೇ. ಇದು ಸಣ್ಣದು ಅಂತ ನಿಮಗೆ ಅನಿಸಬಹುದು. ಇದರಿಂದ ಏನಾಯಿತು ಅನ್ನುವುದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು.

ಆರಿಯಾ ಅಂದರೆ ಎಚ್‌ಟಿಎಂಎಲ್‌ಗೆ ಸೇರಿಸುವ ಒಂದಷ್ಟು ಆಟ್ರಿಬ್ಯೂಟ್‌ಗಳು. ಇದು ಬಟನ್, ಇದು ಟ್ಯಾಬ್, ಇದು ತೆರೆದಿದೆ, ಇದು ಮುಚ್ಚಿದೆ ಅಂತ ಸ್ಕ್ರೀನ್ ರೀಡರ್‌ಗೆ ತಿಳಿಸುತ್ತವೆ. ತಿಳಿಸುತ್ತವೆ ಅಷ್ಟೇ. ಕೀಬೋರ್ಡ್ ಕೆಲಸ ಮಾಡುವ ಹಾಗೆ ಮಾಡುವುದಿಲ್ಲ. ಒಂದು ಡಿವ್‌ಗೆ (ತನ್ನದೇ ಅರ್ಥ ಇಲ್ಲದ ಸಾದಾ ಎಲಿಮೆಂಟ್) ಬಟನ್ ಅಂತ ರೋಲ್ ಕೊಟ್ಟರೆ ಅದನ್ನು ಬಟನ್ ಅಂತ ಓದುತ್ತದೆ, ಆದರೆ ಎಂಟರ್ ಒತ್ತಿದರೂ ಸ್ಪೇಸ್ ಒತ್ತಿದರೂ ಏನೂ ಆಗುವುದಿಲ್ಲ. ಆ ಕೋಡ್ ಅನ್ನು ನಾವೇ ಬರೆಯಬೇಕು. ಟಾಕ್ ಕೊಟ್ಟವರು ಇದನ್ನು ಸ್ಪಷ್ಟವಾಗಿಯೇ ಹೇಳಿದ್ದರು. ಎಚ್‌ಟಿಎಂಎಲ್‌ನಲ್ಲೇ ಆ ಕೆಲಸಕ್ಕೆ ಎಲಿಮೆಂಟ್ ಇದ್ದರೆ ಆರಿಯಾ ಮುಟ್ಟಬೇಡಿ ಅಂತ ಶುರುವಿನಲ್ಲೇ ಹೇಳಿದ್ದರು. ನಾನು ಅದನ್ನು ಬರೆದುಕೊಂಡೆ. ಅದರ ಕೆಳಗೆ ಇನ್ನೂ ಹತ್ತಾರು ಸಾಲು ಬರೆದುಕೊಂಡೆ. ನೋಟ್ಸ್‌ನಲ್ಲಿ ಎಲ್ಲ ಸಾಲಿಗೂ ಒಂದೇ ತೂಕ. ಯಾವುದನ್ನು ಮೀರಿದರೆ ಒಬ್ಬರ ಕೆಲಸ ನಿಂತೇ ಹೋಗುತ್ತದೆ, ಯಾವುದು ಸುಮ್ನೆ ತಿಳಿದಿದ್ದರೆ ಸಾಕು ಅನ್ನುವ ವ್ಯತ್ಯಾಸ ಕಾಣುವುದೇ ಇಲ್ಲ. ಅದು ಕಾಣಬೇಕಾದರೆ ಯಾರಾದರೂ ಸಿಕ್ಕಿಕೊಳ್ಳುವುದನ್ನು ನೋಡಬೇಕು.

ವಾಪಸ್ ಬಂದು ನಮ್ಮ ಸೈಟ್‌ನ ಮೇಲ್ಭಾಗದ ನ್ಯಾವಿಗೇಶನ್‌ಗೆ ಕೈ ಹಾಕಿದೆ. ಅಲ್ಲಿ ಮೌಸ್ ಇಟ್ಟರೆ ಕೆಳಗೆ ಇನ್ನಷ್ಟು ಲಿಂಕ್ ತೆರೆಯುತ್ತಿದ್ದವು. ನೋಡುವುದಕ್ಕೆ ಮೆನು ತಾನೇ? ಹಾಗಾಗಿ ಮೆನುಬಾರ್, ಮೆನು, ಮೆನುಐಟಂ ಅಂತ ರೋಲ್‌ಗಳನ್ನು ಹಾಕಿದೆ. ಟೂಲ್‌ನಲ್ಲಿ ಟೆಸ್ಟ್ ಮಾಡಿದೆ. ಗೂಗಲ್‌ನ ಲೈಟ್‌ಹೌಸ್ ಟೂಲ್‌ನಲ್ಲಿ ಆಕ್ಸೆಸಿಬಿಲಿಟಿ ಸ್ಕೋರ್ 100 ಬಂತು. ಟೀಮ್‌ನಲ್ಲಿ ಎಲ್ಲರೂ ಮೆಚ್ಚಿದರು.

ಆರಿಯಾದಲ್ಲಿ ಮೆನು ಅಂದರೆ ಬೇರೆಯೇ. ಡೆಸ್ಕ್‌ಟಾಪ್ ಸಾಫ್ಟ್‌ವೇರ್‌ನಲ್ಲಿ ಫೈಲ್, ಎಡಿಟ್ ಅಂತ ಇರುತ್ತದಲ್ಲ, ಆ ಥರದ್ದು. ಅದರೊಳಗೆ ಓಡಾಡುವುದು ಬಾಣದ ಕೀಗಳಿಂದ, ಟ್ಯಾಬ್‌ನಿಂದಲ್ಲ. ಸ್ಕ್ರೀನ್ ರೀಡರ್ ಸಾಮಾನ್ಯವಾಗಿ ಪೇಜ್ ಓದುವಾಗ ಬ್ರೌಸ್ ಮೋಡ್‌ನಲ್ಲಿ ಇರುತ್ತದೆ. ಆಗ ಕೀಗಳನ್ನು ಅದೇ ಹಿಡಿದುಕೊಳ್ಳುತ್ತದೆ: ಕೆಳಗಿನ ಬಾಣ ಒತ್ತಿದರೆ ಮುಂದಿನ ಸಾಲು, ಎಚ್ ಒತ್ತಿದರೆ ಮುಂದಿನ ಹೆಡಿಂಗ್, ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್‌ನಲ್ಲಿ ಕೆ ಒತ್ತಿದರೆ ಮುಂದಿನ ಲಿಂಕ್. ಫೋಕಸ್ (ಕೀಬೋರ್ಡ್ ಸದ್ಯ ನಿಂತಿರುವ ಜಾಗ) ಮೆನುವಿನೊಳಗೆ ಹೋದಾಗ ಅದು ಫೋಕಸ್ ಮೋಡ್‌ಗೆ ಬದಲಾಗುತ್ತದೆ. ಈಗ ಕೀಗಳು ನೇರವಾಗಿ ನಮ್ಮ ಕೋಡ್‌ಗೆ ಬರುತ್ತವೆ. ನನ್ನ ಕೋಡ್‌ನಲ್ಲಿ ಬಾಣದ ಕೀಗೆ ಒಂದು ಸಾಲೂ ಇರಲಿಲ್ಲ. ಬಳಸುವವರಿಗೆ "ಮೆನು" ಅಂತ ಕೇಳಿಸುತ್ತದೆ, ಅವರು ಬಾಣ ಒತ್ತುತ್ತಾರೆ, ಏನೂ ಆಗುವುದಿಲ್ಲ. ಇನ್ನೊಂದು ಕೆಟ್ಟದ್ದೂ ಆಗಿತ್ತು. ಮೆನುಐಟಂ ಅಂತ ರೋಲ್ ಕೊಟ್ಟ ಕೂಡಲೇ ಲಿಂಕ್‌ಗಳು ಸ್ಕ್ರೀನ್ ರೀಡರ್ ಪಾಲಿಗೆ ಲಿಂಕ್ ಆಗಿ ಉಳಿಯಲಿಲ್ಲ. ಲಿಂಕ್‌ಗಳ ಪಟ್ಟಿ ತೆಗೆದರೆ ಅದರಲ್ಲೂ ಇಲ್ಲ. ನಾನು ಮುಟ್ಟುವ ಮೊದಲು ಅದು ಚೆನ್ನಾಗಿಲ್ಲದಿದ್ದರೂ ಬಳಸುವ ಹಾಗಿತ್ತು. ಮುಟ್ಟಿದ ಮೇಲೆ ಬಳಸುವ ಹಾಗೇ ಇರಲಿಲ್ಲ.

ಟೂಲ್ ಯಾಕೆ ಹಿಡಿಯಲಿಲ್ಲ? ಯಾಕೆಂದರೆ ಅದು ಮಾರ್ಕಪ್ ನೋಡುತ್ತದೆ. ಮೆನುಬಾರ್ ಒಳಗೆ ಮೆನುಐಟಂ ಇದೆಯಾ, ಇದೆ, ಸರಿ. ಬಾಣ ಒತ್ತಿ ನೋಡುವುದಿಲ್ಲ. ಚಿತ್ರವನ್ನು ಮಾತಿನಲ್ಲಿ ಹೇಳುವ ಆಲ್ಟ್ ಟೆಕ್ಸ್ಟ್ ಇದೆಯಾ ಅಂತ ಹೇಳಬಲ್ಲದು, ಆ ಮಾತಿಗೆ ಅರ್ಥ ಇದೆಯಾ ಅಂತ ಹೇಳಲಾರದು.

ನಮ್ಮ ಸೈಟ್ ಅನ್ನು ಬಹಳ ಕಾಲದಿಂದ ಬಳಸುತ್ತಿದ್ದ ಒಬ್ಬರು ಮೇಲ್ ಬರೆದರು. ಇಷ್ಟು ದಿನ ನಿಧಾನಕ್ಕಾದರೂ ಕೆಲಸ ಆಗುತ್ತಿತ್ತು, ಈಗ ಒಳಗೆ ಹೋಗುವುದಕ್ಕೇ ಆಗುತ್ತಿಲ್ಲ ಅಂತ. ಅವತ್ತೇ ಟೀಮ್‌ನವರು ನನ್ನ ಬದಲಾವಣೆಗಳನ್ನೆಲ್ಲ ರೋಲ್‌ಬ್ಯಾಕ್ ಮಾಡಿದರು. ಅದರಲ್ಲಿ ಒಳ್ಳೆಯವೂ ಇದ್ದವು. ಫಾರ್ಮ್‌ಗಳಿಗೆ ಸರಿಯಾದ ಲೇಬಲ್ ಹಾಕಿದ್ದೆ, ಫೋಕಸ್ ಎಲ್ಲಿದೆ ಅಂತ ಕಾಣುವ ಹಾಗೆ ಮಾಡಿದ್ದೆ. ಅವೂ ಹೋದವು. ಅದಕ್ಕಿಂತ ದೊಡ್ಡ ನಷ್ಟ ಅಂದರೆ ಆಮೇಲೆ ಬಹಳ ಕಾಲ ಟೀಮ್‌ನಲ್ಲಿ ಆಕ್ಸೆಸಿಬಿಲಿಟಿ ಅಂದ ಕೂಡಲೇ "ಈಗ ಬೇಡ, ಏನಾದರೂ ಒಡೆಯುತ್ತೆ" ಅನ್ನುವ ಮಾತು ಬರುತ್ತಿತ್ತು. ಒಬ್ಬ ಯೂಸರ್‌ಗೆ ಆದ ತೊಂದರೆಯನ್ನು ಅವತ್ತೇ ಸರಿಪಡಿಸಿದೆವು. ಟೀಮ್‌ನ ನಂಬಿಕೆ ವಾಪಸ್ ಬರುವುದಕ್ಕೆ ತುಂಬಾ ಸಮಯ ಹಿಡಿಯಿತು.

ಆ ರೂಮ್‌ಗೆ ಹೋಗಿ ನಮ್ಮ ಸೈಟ್ ತೋರಿಸಿದ್ದರೆ, ನ್ಯಾವಿಗೇಶನ್‌ಗೆ ಮೆನು ರೋಲ್ ಬೇಕಾ ಅಂತ ಒಂದು ಪ್ರಶ್ನೆ ಕೇಳಿದ್ದರೆ, ಅಲ್ಲೇ ಉತ್ತರ ಸಿಗುತ್ತಿತ್ತು. ನ್ಯಾವ್ ಎಲಿಮೆಂಟ್ ಒಳಗೆ ಸಾದಾ ಲಿಸ್ಟ್, ಅದರಲ್ಲಿ ಸಾದಾ ಲಿಂಕ್‌ಗಳು, ತೆರೆದು ಮುಚ್ಚುವುದಕ್ಕೆ ನಿಜವಾದ ಬಟನ್, ಅದಕ್ಕೆ ತೆರೆದಿದೆಯಾ ಅಂತ ಹೇಳುವ ಆರಿಯಾ-ಎಕ್ಸ್‌ಪ್ಯಾಂಡೆಡ್. ಅಷ್ಟೇ ಸಾಕಿತ್ತು. ವೆಬ್‌ನ ಸ್ಟ್ಯಾಂಡರ್ಡ್‌ಗಳನ್ನು ರೂಪಿಸುವ ಡಬ್ಲ್ಯೂ3ಸಿಯ ಆರಿಯಾ ಕೈಪಿಡಿಯಲ್ಲೇ ಕೆಟ್ಟದಾಗಿ ಹಾಕಿದ ಆರಿಯಾಗಿಂತ ಆರಿಯಾ ಇಲ್ಲದಿರುವುದೇ ಮೇಲು ಅಂತ ಇದೆ. ವೆಬ್‌ಏಮ್ ಅನ್ನುವ ಆಕ್ಸೆಸಿಬಿಲಿಟಿ ಸಂಸ್ಥೆಯವರು ಪ್ರತಿ ವರ್ಷ ಹತ್ತು ಲಕ್ಷ ಹೋಮ್‌ಪೇಜ್‌ಗಳನ್ನು ಟೂಲ್‌ನಲ್ಲಿ ನೋಡುತ್ತಾರೆ. ಆರಿಯಾ ಇರುವ ಪೇಜ್‌ಗಳಲ್ಲಿ, ಇಲ್ಲದವುಗಳಿಗಿಂತ ಸರಾಸರಿ ಜಾಸ್ತಿ ದೋಷಗಳೇ ಕಾಣುತ್ತವೆ. 2024ರಲ್ಲಿ ಒಟ್ಟು ಪೇಜ್‌ಗಳಲ್ಲಿ 95.9 ಶೇಕಡಾ ಪೇಜ್‌ಗಳಲ್ಲಿ ಟೂಲ್‌ಗೇ ಕಾಣುವಂಥ ಡಬ್ಲ್ಯೂಸಿಎಜಿ ದೋಷ ಇತ್ತು. ಓದಿಕೊಳ್ಳುವುದಕ್ಕೆ ಬೇಕಾದ್ದೆಲ್ಲ ಎಲ್ಲರ ಕೈಗೂ ಸಿಗುತ್ತದೆ, ಆದರೂ ಪರಿಸ್ಥಿತಿ ಹೀಗಿದೆ.

ಮುಂದಿನ ಕಾನ್ಫರೆನ್ಸ್‌ಗೆ ನಮ್ಮ ಸೈನ್‌ಅಪ್ ಪೇಜ್ ತೆಗೆದುಕೊಂಡು ಹೋದೆ. ಎನ್‌ವಿಡಿಎ ಬಳಸುವ ಒಬ್ಬ ಡೆವಲಪರ್ ಪಕ್ಕದಲ್ಲಿ ಕೂತೆ. ಅವರ ಸ್ಕ್ರೀನ್ ರೀಡರ್ ಎಷ್ಟು ವೇಗದಲ್ಲಿ ಮಾತಾಡುತ್ತಿತ್ತೆಂದರೆ ನನಗೆ ಒಂದು ಪದವೂ ಹಿಡಿಯಲಿಲ್ಲ. ಅವರು ಪೇಜ್ ಅನ್ನು ಮೇಲಿನಿಂದ ಓದಲೇ ಇಲ್ಲ. ಎಚ್ ಒತ್ತಿ ಹೆಡಿಂಗ್ ಹುಡುಕಿದರು. ನಮ್ಮ ಪೇಜ್‌ನಲ್ಲಿ ಹೆಡಿಂಗ್ ಥರ ಕಾಣುತ್ತಿದ್ದದ್ದೆಲ್ಲ ದೊಡ್ಡ ಅಕ್ಷರದ ಡಿವ್‌ಗಳು. ಹಾಗಾಗಿ ಅವರಿಗೆ ಏನೂ ಸಿಗಲಿಲ್ಲ. ಆಮೇಲೆ ಫಾರ್ಮ್ ತುಂಬಿ ಸಬ್‌ಮಿಟ್ ಒತ್ತಿದರು. ಮೇಲೆ ಕೆಂಪು ಬಣ್ಣದಲ್ಲಿ ಎರರ್ ಬಂತು. ನನಗೆ ಕಾಣಿಸಿತು, ಅವರಿಗೆ ಏನೂ ಕೇಳಿಸಲಿಲ್ಲ. ಒಂದು ಕ್ಷಣ ಕಾದು, "ಕಳಿಸಿತಾ?" ಅಂತ ನನ್ನನ್ನೇ ಕೇಳಿದರು. ಸ್ಟೇಟಸ್ ಮೆಸೇಜ್ ಬಗ್ಗೆ ಡಬ್ಲ್ಯೂಸಿಎಜಿಯಲ್ಲಿ 4.1.3 ಅಂತ ಒಂದು ಅಂಶ ಇದೆ. ನಾನು ಅದನ್ನು ಓದಿದ್ದೆ, ನಂಬರ್ ಸಮೇತ ನೆನಪಿತ್ತು. ಅದು ಯಾಕಿದೆ ಅಂತ ಅರ್ಥವಾಗಿದ್ದು ಆ ಪ್ರಶ್ನೆ ಕೇಳಿದಾಗ.

ಈಗ ನಿಮ್ಮ ವಿಷಯ. ಡಬ್ಲ್ಯೂಸಿಎಜಿ 2.2 ಬಂದದ್ದು 2023ರ ಅಕ್ಟೋಬರ್‌ನಲ್ಲಿ, ಅದರಲ್ಲಿ 86 ಅಂಶಗಳಿವೆ. ಪೂರ್ತಿ ಓದಿ ತಲೆಯಲ್ಲಿ ಇಟ್ಟುಕೊಳ್ಳುವುದಕ್ಕೆ ಅದನ್ನು ಬರೆದಿಲ್ಲ. ಬೇಕಾದಾಗ ತೆರೆದು ನೋಡುವುದಕ್ಕೆ ಇರುವುದು. ಹೋಗುವ ಮೊದಲು ಮೌಸ್ ತೆಗೆದಿಟ್ಟು, ನಿಮ್ಮ ಪೇಜ್‌ನಲ್ಲಿ ಒಂದು ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಕೀಬೋರ್ಡ್‌ನಲ್ಲೇ ಮಾಡಿ. ಟ್ಯಾಬ್ ಒತ್ತುತ್ತಾ ಹೋದಾಗ ಫೋಕಸ್ ಎಲ್ಲಿದೆ ಅಂತ ಕಾಣುತ್ತದಾ? ಮೇಲೆ ಅಂಟಿಕೊಂಡಿರುವ ಹೆಡರ್ ಹಿಂದೆ ಮರೆಯಾಗುತ್ತದಾ? ತೆರೆದ ಪಾಪ್‌ಅಪ್ ಎಸ್ಕೇಪ್ ಒತ್ತಿದರೆ ಮುಚ್ಚುತ್ತದಾ, ಮುಚ್ಚಿದ ಮೇಲೆ ಫೋಕಸ್ ಎಲ್ಲಿಗೆ ಹೋಗುತ್ತದೆ? ಬ್ರೌಸರ್ ಜೂಮ್ ಅನ್ನು 400 ಶೇಕಡಾ ಮಾಡಿ, ಓದುವುದಕ್ಕೆ ಅಡ್ಡಡ್ಡ ಸ್ಕ್ರೋಲ್ ಮಾಡಬೇಕಾಗುತ್ತದಾ ನೋಡಿ. ಆಮೇಲೆ ವಿಂಡೋಸ್ ಇದ್ದರೆ ಎನ್‌ವಿಡಿಎ ಹಾಕಿಕೊಳ್ಳಿ, ಅದು ಉಚಿತ. ಮ್ಯಾಕ್‌ನಲ್ಲಿ ವಾಯ್ಸ್‌ಓವರ್ ಮೊದಲೇ ಇದೆ. ಸ್ಕ್ರೀನ್ ನೋಡದೆ ಅದೇ ಕೆಲಸ ಮಾಡಿ. ಎಲ್ಲೆಲ್ಲಿ ಸಿಕ್ಕಿಕೊಂಡಿರಿ ಅಂತ ಬರೆದಿಡಿ. ಆ ಜಾಗಗಳಿಗೆ ಸಂಬಂಧಪಟ್ಟ ಅಂಶಗಳನ್ನು ಮಾತ್ರ ಓದಿ. ಪ್ರತಿ ಅಂಶಕ್ಕೂ ಡಬ್ಲ್ಯೂ3ಸಿ ಬೇರೆಯಾಗಿ ವಿವರಣೆ ಬರೆದಿದೆ, ಅದು ಮೂಲಕ್ಕಿಂತ ಸುಲಭ. ನೀವು ಕೇಳಬೇಕಾದ ಪ್ರಶ್ನೆಗಳು ಆ ನೋಟ್ಸ್‌ನಲ್ಲೇ ಇರುತ್ತವೆ.

ಅಲ್ಲಿ ಹೋದ ಮೇಲೆ ಒಂದು ವಿಷಯ ದಯವಿಟ್ಟು ನೆನಪಿಡಿ. ಕಣ್ಣು ಕಾಣದವರು ಸಿಕ್ಕ ಕೂಡಲೇ ಲ್ಯಾಪ್‌ಟಾಪ್ ಹಿಡಿದುಕೊಂಡು ಹೋಗಬೇಡಿ. ಅವರೂ ನಿಮ್ಮ ಹಾಗೆ ಟಾಕ್ ಕೇಳುವುದಕ್ಕೆ, ನಾಲ್ಕು ಜನರನ್ನು ನೋಡುವುದಕ್ಕೆ ಬಂದಿರುತ್ತಾರೆ. ನಿಮ್ಮ ಸೈಟ್ ಟೆಸ್ಟ್ ಮಾಡುವುದು ಅವರ ಕೆಲಸ ಅಲ್ಲ. ಅದಕ್ಕೆಂದೇ ಇಟ್ಟ ಸೆಶನ್ ಇದ್ದರೆ ಅಲ್ಲಿ ಕೇಳಿ. ಇಲ್ಲವಾದರೆ ಮೊದಲು ಪರಿಚಯ ಮಾಡಿಕೊಂಡು, ಸಮಯ ಇದೆಯಾ ಅಂತ ಕೇಳಿ. ಇಲ್ಲ ಅಂದರೆ ಬಿಟ್ಟುಬಿಡಿ.

ಯಾವ ಟಾಕ್ ಅಂತ ಕೇಳಿದ್ದೀರಿ. ರೆಕಾರ್ಡಿಂಗ್ ಸಿಗುವ ಟಾಕ್ ಆದರೆ ತಪ್ಪಿಸಿಕೊಂಡರೂ ಪರವಾಗಿಲ್ಲ, ಆಮೇಲೆ ನಿಧಾನವಾಗಿ ನೋಡಬಹುದು. ನಾನಾದರೆ ಸ್ಟ್ಯಾಂಡರ್ಡ್ ಬರೆಯುವವರು ಮತ್ತು ಬ್ರೌಸರ್ ಮಾಡುವವರು ಪ್ರಶ್ನೆ ತೆಗೆದುಕೊಳ್ಳುವ ಸೆಶನ್‌ಗೆ ಹೋಗುತ್ತೇನೆ. ಇದನ್ನು ಡೆವಲಪರ್‌ಗಳು ಬಹಳ ಕಡೆಗಣಿಸುತ್ತಾರೆ. ಪಾಪ್‌ಅಪ್‌ಗಾಗಿ ನಾವೆಲ್ಲ ವರ್ಷಗಟ್ಟಲೆ ಡಿವ್ ಮೇಲೆ ಡಿವ್ ಇಟ್ಟು, ಫೋಕಸ್ ಹೊರಗೆ ಹೋಗದ ಹಾಗೆ ಕೈಯಾರೆ ಕೋಡ್ ಬರೆದೆವು. ಪಾಪ್‌ಅಪ್‌ಗೆಂದೇ ಇರುವ ಡೈಲಾಗ್ ಎಲಿಮೆಂಟ್ 2022ರಲ್ಲಿ ಎಲ್ಲ ಮುಖ್ಯ ಬ್ರೌಸರ್‌ಗಳಿಗೂ ಬಂತು. ಮೋಡಲ್ ಆಗಿ ತೆರೆದರೆ ಹಿಂದಿನ ಪೇಜ್ ತಾನಾಗಿ ನಿಷ್ಕ್ರಿಯ ಆಗುತ್ತದೆ, ಎಸ್ಕೇಪ್ ಒತ್ತಿದರೆ ಮುಚ್ಚುತ್ತದೆ. ಇಂಥದ್ದು ಬರಬೇಕಾದರೆ ಯಾರಾದರೂ ಹೋಗಿ "ನಾವು ಇನ್ನೂ ಡಿವ್ ಬಳಸುತ್ತಿರುವುದು ಈ ಕಾರಣಕ್ಕೆ" ಅಂತ ಹೇಳಬೇಕಲ್ವಾ? ನಿಮ್ಮ ಪೇಜ್‌ನಲ್ಲಿ ಅಂಥ ಕಾರಣ ಖಂಡಿತ ಇರುತ್ತದೆ. ಅದನ್ನು ಹೇಳಿ. ಡಬ್ಲ್ಯೂಸಿಎಜಿಯ ಚರ್ಚೆ ಗಿಟ್‌ಹಬ್‌ನಲ್ಲಿ ತೆರೆದೇ ಇದೆ, ಮೆಂಬರ್ ಆಗದೆಯೂ ಅಲ್ಲಿ ಬರೆಯಬಹುದು.

ನಿಮ್ಮ ಕಾನ್ಫರೆನ್ಸ್ ಆನ್‌ಲೈನ್ ಆದರೂ ಇದೇ ಮಾತು. ಚಾಟ್‌ನಲ್ಲಿ "ಆಕ್ಸೆಸಿಬಿಲಿಟಿ ಹೇಗೆ ಶುರು ಮಾಡುವುದು?" ಅಂತ ಕೇಳಿದರೆ ಎಲ್ಲರಿಗೂ ಕೊಡುವ ಉತ್ತರವೇ ಸಿಗುತ್ತದೆ. "ನನ್ನ ಡೇಟ್ ಪಿಕರ್‌ನಲ್ಲಿ ತಿಂಗಳು ಬದಲಾದಾಗ ಏನನ್ನು ಓದಿಸಬೇಕು?" ಅಂತ ಕೇಳಿದರೆ ಗೊತ್ತಿರುವವರು ಕೂತು ಬರೆಯುತ್ತಾರೆ.

ಕೊನೆಗೆ, ಆ ಪ್ರೆಸೆಂಟೇಶನ್ ಒಪ್ಪಿಕೊಳ್ಳಬೇಡಿ. ನನ್ನ ಸ್ಲೈಡ್‌ಗಳನ್ನು ಎಲ್ಲರೂ ಗಮನವಿಟ್ಟೇ ನೋಡಿದರು, ಯಾರೂ ಏನನ್ನೂ ಬದಲಿಸಲಿಲ್ಲ. ಅದರ ಬದಲು ಮ್ಯಾನೇಜರ್‌ಗೆ ಈಗಲೇ ಹೇಳಿಬಿಡಿ: ಬಂದ ಮೇಲೆ ಲಾಗಿನ್ ಒಂದನ್ನು ಸರಿಮಾಡುತ್ತೇನೆ, ಟೀಮ್ ಪೂರ್ತಿ ಒಂದು ಗಂಟೆ ಜೊತೆಗೆ ಕೂರಬೇಕು, ಮೌಸ್ ಇಲ್ಲದೆ. ಲಾಗಿನ್ ಯಾಕೆಂದರೆ ಅದು ಸಣ್ಣದು, ಆದರೆ ಅಲ್ಲಿ ಸಿಕ್ಕಿಕೊಂಡವರು ಮುಂದಕ್ಕೆ ಹೋಗುವುದಕ್ಕೇ ಆಗುವುದಿಲ್ಲ. 2.2ರಲ್ಲಿ ಹೊಸದಾಗಿ ಬಂದ 3.3.8 ಇದರ ಬಗ್ಗೆಯೇ ಇದೆ. ಪಾಸ್‌ವರ್ಡ್ ನೆನಪಿಟ್ಟು ಟೈಪ್ ಮಾಡುವುದೊಂದೇ ದಾರಿ ಆಗಿರಬಾರದು, ಪೇಸ್ಟ್ ಮಾಡುವುದಕ್ಕೆ, ಪಾಸ್‌ವರ್ಡ್ ಮ್ಯಾನೇಜರ್ ತುಂಬುವುದಕ್ಕೆ ಬಿಡಬೇಕು. ಸೆಕ್ಯುರಿಟಿ ಹೆಸರಲ್ಲಿ ಪೇಸ್ಟ್ ನಿಲ್ಲಿಸಿರುವ ಸೈಟ್‌ಗಳು ಇನ್ನೂ ಇವೆ. ನಿಮ್ಮದರಲ್ಲೂ ಹಾಗಿದ್ದರೆ ಕಾನ್ಫರೆನ್ಸ್‌ವರೆಗೂ ಕಾಯಬೇಡಿ, ಇವತ್ತೇ ತೆಗೆದುಬಿಡಿ.