ಮೊದಲು ಯೂರಿನ್ ಕಲ್ಚರ್, ಸುನ್ನತಿಯ ಮಾತು ಆಮೇಲೆ

ಎಂಟು ತಿಂಗಳ ಮಗನಿಗೆ ಒಮ್ಮೆ ಯೂರಿನ್ ಇನ್ಫೆಕ್ಷನ್ ಆಗಿತ್ತು. ಶಿಶ್ನದ ತುದಿಯ ಚರ್ಮ (ಮುಂದೊಗಲು) ಹಿಂದೆ ಸರಿಯುವುದಿಲ್ಲ. ಸುನ್ನತಿ ಮಾಡಿಸಿದರೆ ಮತ್ತೆ ಬರುವುದೇ ಇಲ್ಲವಂತೆ, ಹೌದೇ? (ಕುಂದಾಪುರ)

ಒಂದೇ ಸಲದ ಸೋಂಕಿಗೆ ಬೇಡ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ, ಆದ್ದರಿಂದ ಲೆಕ್ಕವನ್ನೇ ಮುಂದಿಡುತ್ತೇನೆ. ಸುನ್ನತಿಯಿಂದ ಸೋಂಕು ಕಡಿಮೆಯಾಗುವುದು ನಿಜ. ಮಲದಲ್ಲಿರುವ ಇ-ಕೊಲೈ ಬ್ಯಾಕ್ಟೀರಿಯಾಕ್ಕೆ ಮುಂದೊಗಲಿನ ಅಡಿ ಬೀಡುಬಿಡಲು ಜಾಗ ಸಿಗುವುದಿಲ್ಲ. ಆದರೆ ಆರೋಗ್ಯವಂತ ಗಂಡುಮಕ್ಕಳಲ್ಲಿ ಸೋಂಕು ಬರುವುದೇ ನೂರಕ್ಕೆ ಸುಮಾರು ಒಬ್ಬರಿಗೆ. ಒಂದು ಸೋಂಕು ತಪ್ಪಿಸಲು ಸುಮಾರು 111 ಮಕ್ಕಳಿಗೆ ಕತ್ತರಿ ಹಾಕಬೇಕು. ಅವರಲ್ಲಿ ಇಬ್ಬರಿಗೆ ರಕ್ತಸ್ರಾವವೋ ಗಾಯದ ಸೋಂಕೋ ಆದೀತು. ಪದೇ ಪದೇ ಸೋಂಕು ಬರುವವರಲ್ಲಿ ಆ 111 ಎಂಬುದು 11ಕ್ಕೆ ಇಳಿಯುತ್ತದೆ, ಮೂತ್ರ ಕಿಡ್ನಿಯತ್ತ ಜೋರಾಗಿ ಹಿಮ್ಮುಖ ಹರಿಯುವ ದೋಷವಿದ್ದರೆ 4ಕ್ಕೆ. ಅಂಥವರಿಗೆ ಮಾಡಿಸಿ ಎಂದು ನಾನೇ ಹೇಳುತ್ತೇನೆ.

ಅಷ್ಟಕ್ಕೂ ಆಗ ಬಂದದ್ದು ಸೋಂಕೇ ಹೌದೇ? ಅಂಟಿಸುವ ಚೀಲದಲ್ಲಿ ಹಿಡಿದ ಮೂತ್ರಕ್ಕೆ ಚರ್ಮದ ಬ್ಯಾಕ್ಟೀರಿಯಾ ಸೇರಿರುತ್ತದೆ. ಅದರ ಕಲ್ಚರ್ (ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ಲ್ಯಾಬಿನಲ್ಲಿ ನೋಡುವ ಪರೀಕ್ಷೆ) ಪಾಸಿಟಿವ್ ಬಂದರೆ ನಂಬಬೇಡಿ. ಬರೀ ನೀರಿನಿಂದ ತೊಳೆದು, ಒರೆಸಿ, ಮೊದಲ ಹನಿಗಳನ್ನು ಬಿಟ್ಟು ನಡುವಿನ ಧಾರೆಯನ್ನು ಸ್ಟೆರೈಲ್ ಬಾಟಲಿಗೆ ಹಿಡಿಯಿರಿ. ಆಗದಿದ್ದರೆ ಆಸ್ಪತ್ರೆಯಲ್ಲಿ ಸಣ್ಣ ಟ್ಯೂಬ್ ಹಾಕಿ ತೆಗೆಯುತ್ತಾರೆ. ನಮ್ಮ ಕರಾವಳಿಯ ಸೆಕೆಯಲ್ಲಿ ಬಾಟಲಿಯನ್ನು ಬ್ಯಾಗಿನಲ್ಲಿಟ್ಟು ಬಸ್ಸಿನಲ್ಲಿ ಉಡುಪಿಗೆ ತಂದರೆ ದಾರಿಯಲ್ಲೇ ಬ್ಯಾಕ್ಟೀರಿಯಾ ಬೆಳೆದಿರುತ್ತದೆ. ಒಂದು ಗಂಟೆಯೊಳಗೆ ಲ್ಯಾಬಿಗೆ ತಲುಪಿಸಿ, ಇಲ್ಲವೇ ಫ್ರಿಜ್ಜಿನಲ್ಲಿಡಿ. ಇದೆಲ್ಲ ಆಂಟಿಬಯೋಟಿಕ್ ಶುರುವಾಗುವ ಮುಂಚೆ ಆಗಬೇಕು. ಸೋಂಕು ಖಚಿತವಾದರೆ ಕಿಡ್ನಿ, ಮೂತ್ರಕೋಶದ ಸ್ಕ್ಯಾನ್ ಮಾಡಿಸಿ. ಧಾರೆ ಸಣ್ಣಗಿದ್ದರೆ, ಹನಿಹನಿಯಾಗಿ ಬೀಳುತ್ತಿದ್ದರೆ ತಡಮಾಡಲೇಬೇಡಿ.

ಚರ್ಮ ಸರಿಯದಿರುವುದು ಈ ಪ್ರಾಯದಲ್ಲಿ ಸಹಜ, ಒಳಗೆ ಅಂಟಿಕೊಂಡೇ ಇರುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿ ದಿನಾ ಎಳೆಯಿರಿ ಎನ್ನುವವರ ಮಾತು ಕೇಳಬೇಡಿ. ಎಳೆದರೆ ಹರಿಯುತ್ತದೆ, ಹರಿದದ್ದು ಗಾಯದ ಕಲೆಯಾಗಿ ಬಿಗಿಯುತ್ತದೆ. ಇಲ್ಲದ ಕಾಯಿಲೆ ಹುಟ್ಟುವುದು ಹೀಗೆ.

ಇನ್ನು ಕೆಲವರ ಚುಟುಕು ಪ್ರಶ್ನೆಗಳು, ಕೆಳಗೇ ನನ್ನ ಉತ್ತರ:

ಮೂತ್ರ ಮಾಡುವಾಗ ಚರ್ಮ ಬಲೂನಿನಂತೆ ಉಬ್ಬುತ್ತದೆ.
ನೋವಿಲ್ಲದೆ ಧಾರೆ ಚೆನ್ನಾಗಿದ್ದರೆ ಏನೂ ಮಾಡಬೇಡಿ.

ಚರ್ಮದಡಿ ಬಿಳಿ ಉಂಡೆ ಕಾಣುತ್ತದೆ.
ಕೀವಲ್ಲ, ಸತ್ತ ಚರ್ಮದ ಕೋಶಗಳು. ಹಿಸುಕಬೇಡಿ.

ಬಾರ್ಲಿ ನೀರು, ಬೊಂಡ ಕೊಟ್ಟರೆ ಸಾಕೇ?
ಸಾಲದು. ಕಾರಣ ಕಾಣದ ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದ ಮಗುವಿನ ಮೂತ್ರ ಪರೀಕ್ಷೆ ಆಗಲೇಬೇಕು.

ನಮ್ಮಲ್ಲಿ ಸುನ್ನತಿ ಮಾಡಿಸುವುದು ಪದ್ಧತಿ.
ಆಸ್ಪತ್ರೆಯಲ್ಲೇ ಮಾಡಿಸಿ. ಮೂತ್ರದ ರಂಧ್ರ ತುದಿಯಲ್ಲಿಲ್ಲದೆ ಕೆಳಗಿದ್ದರೆ ಕತ್ತರಿಸಲು ಬಿಡಬೇಡಿ, ಮುಂದೆ ಅದನ್ನು ಸರಿಪಡಿಸಲು ಆ ಚರ್ಮವೇ ಬೇಕು.

ಹಿಂದೆ ಸರಿಸಿದ ಚರ್ಮ ಅಲ್ಲೇ ಸಿಕ್ಕಿಕೊಂಡು ಊದಿದೆ, ಬೆಳಗ್ಗೆವರೆಗೆ ಕಾಯಬಹುದೇ?
ಕೂಡದು, ರಾತ್ರಿಯೇ ಆಸ್ಪತ್ರೆಗೆ ಹೋಗಿ.